ಕುರಿ ಗುರುತಿನ ಬಟ್ಟಲು

ನವೆಂಬರ್ 18, ಸೋಮವಾರ

ನನ್ನ ಅಕ್ಷರ ಕೋಳಿ ಕೆದರಿದ ತಿಪ್ಪೆಯ ಹಾಗಿದೆ. ಕಾಗುಣಿತವೂ ಅಷ್ಟೇ. ಎಲ್ಲಿ ಕೊಂಬು, ಎಲ್ಲಿ ದೀರ್ಘ ಎಂಬುದು ಐದನೇ ಕ್ಲಾಸಿನಲ್ಲಿ ಎಲ್ಲಿ ಬಿಟ್ಟೆನೋ ಅಲ್ಲೇ ನಿಂತಿದೆ. ತಪ್ಪಿದ್ದರೆ ಮನ್ನಿಸಬೇಕು ಎಂದು ಬರೆಯಲು ಹೊರಟೆ. ಆದರೆ ಯಾರು ಮನ್ನಿಸಬೇಕು? ಇದನ್ನು ಓದುವವಳು ನಾನೊಬ್ಬಳೇ. ನನಗೆ ಮನ್ನಿಸುವ ಗುಣ ಇಲ್ಲ.

ಡೈರಿ ಗೊಬ್ಬರದ ಅಂಗಡಿಯದು, ಹೋದ ವರ್ಷದ್ದು. ತಾರೀಖು ಹೊಡೆದುಹಾಕಿ ಬರೆಯುತ್ತಿದ್ದೇನೆ.

ಸಂಗತಿ ಇಷ್ಟು. ದಸರಾ ಮುಗಿದ ವಾರ ತಾಳಗುಂದದ ನಮ್ಮ ಮನೆಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಅಪ್ಪ ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಣ್ಣ ತಿಪ್ಪೇಶ ಕುರಿಮಂದೆಯನ್ನು ಪೂರ್ತಿ ಮಾರಿದ. ಹೊಲಕ್ಕೆ ಶುಂಠಿ ಹಾಕುತ್ತಾನಂತೆ. “ಕುರಿ ಕಾಯಾಕ ಮನ್ಯಾಗ ಯಾರದಾರೆ?” ಎಂದು ಕೇಳಿದ. ಕೇಳುವಾಗ ನಾನು ಅವನ ಎದುರಿಗೇ ಕೂತು ಅವನ ತಟ್ಟೆಗೆ ಸಾರು ಬಡಿಸುತ್ತಿದ್ದೆ. ಶಾಲೆ ಬಿಟ್ಟ ದಿನದಿಂದ ಆ ಮಂದೆಯ ಹಿಂದೆ ನಡೆದವಳು ನಾನು. ಅತ್ತಿಗೆ ರೋಜಾ “ಯಾರೂ ಇಲ್ಲ ಬಿಡ್ರೀ” ಎಂದಳು. ಅವ್ವ ನೆಲ ನೋಡಿದಳು. ನಾನೂ ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ನನ್ನನ್ನು ಮೀರಿಸುವವರು ಶಿಕಾರಿಪುರ ತಾಲೂಕಿನಲ್ಲೇ ಇಲ್ಲ.

ಗಾಬರಿಯಾಗುವ ಸುದ್ದಿ ಹೇಳಬೇಡಿ, ಇನ್ನೊಂದು ಸಲ ಹೊಡೆದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಮನೆಗೆ ಬಂದು ಆಡಿದ ಮೊದಲ ಮಾತು “ಕುರಿ”. ಅಣ್ಣ ನಿಂತ ನಿಲುವಿನಲ್ಲೇ ಹೇಳಿದ: “ಮಾವನ ಮಂದಿ ಜೊತಿ ಹಾನಗಲ್ ಕಡೆ ಮೇಯಾಕ ಹೋಗ್ಯಾವಪ್ಪಾ. ಸಂಗೀತ ಹೋಗ್ಯಾಳೆ.” ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ನಾನು ಆ ಕ್ಷಣದಿಂದ ಹಾನಗಲ್ಲಿನಲ್ಲಿದ್ದೆ.

ಹಿತ್ತಲ ಬಾಗಿಲಿಂದ ಹೊರಡಿಸಿ, ಬಸ್ಸು ಹತ್ತಿಸಿ, ಸೊರಬದ ಈಚೆ ಕುಪ್ಪಗಡ್ಡೆಯಲ್ಲಿರುವ ದೊಡ್ಡಮ್ಮ ಬಸವಣ್ಣೆಮ್ಮನ ಮನೆಗೆ ಕಳಿಸಿದರು. ಇಲ್ಲದ ಕುರಿ ಕಾಯಲು ಮಾತ್ರ ನಾನು ಬೇಕಾದೆ. ಅಮಾವಾಸ್ಯೆಗೊಮ್ಮೆ ಹೋಗಿ ಅಪ್ಪನಿಗೆ ಮುಖ ತೋರಿಸಿ, ಕುರಿ ಚೆನ್ನಾಗಿವೆ ಎಂದು ಹೇಳಿ ಬರಬೇಕು.

ಕೂತು ತಿನ್ನಬಾರದೆಂದು ದೊಡ್ಡಮ್ಮ ನನ್ನನ್ನು ಊರಾಚೆಯ ಮಡಕೆ ಶೆಡ್ಡಿಗೆ ಕಸ ಗುಡಿಸಲು ಸೇರಿಸಿದ್ದಾಳೆ. ಇವತ್ತು ಮೊದಲ ದಿನ. ಶೆಡ್ಡಿನ ಯಜಮಾನರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ನಗುತ್ತಾ ಬರೆದರೆ ಅಕ್ಷರ ಇನ್ನೂ ಕೆಡುತ್ತದೆ.

ನವೆಂಬರ್ 21, ಗುರುವಾರ

ಯಜಮಾನರ ಹೆಸರು ಶಿವಯೋಗಿ. ಐವತ್ತು ದಾಟಿದೆ. ದೂರದ ಊರುಗಳ ಕಾಲೇಜಿನಲ್ಲಿ ಮಣ್ಣಿನ ಕೆಲಸ ಕಲಿಸುತ್ತಿದ್ದರಂತೆ. ಅದನ್ನು ಬಿಟ್ಟು ತಾಯಿಯ ಊರಿಗೆ ಬಂದು ಶೆಡ್ಡು ಹಾಕಿ, ಮಡಕೆ ಸುಡಲು ಇಟ್ಟಿಗೆಯ ಆವಿಗೆ ಕಟ್ಟಿದ್ದಾರೆ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ಕನ್ನಡಕ ಎಲ್ಲಿ ಎಂದು ಹುಡುಕುತ್ತಾರೆ.

ಸಾವಿರದ ಇನ್ನೂರು ವರ್ಷದ ಹಿಂದೆ ಇರಾಕಿನ ಬಸ್ರಾ ಎಂಬ ಊರಿನ ಕುಂಬಾರರು ಚಿನ್ನ ಹಾಕದೆ ಚಿನ್ನದಂತೆ ಹೊಳೆಯುವ ಬಟ್ಟಲು ಮಾಡುತ್ತಿದ್ದರಂತೆ. ಅದಕ್ಕೆ ಲಸ್ಟರ್ ಎನ್ನುತ್ತಾರೆ. ಸರ್ ಅದನ್ನು ಕುಪ್ಪಗಡ್ಡೆಯಲ್ಲಿ ಮಾಡಲು ಹೊರಟು ಆರು ವರ್ಷವಾಯಿತು. ಇನ್ನೂ ಹೊರಟೇ ಇದ್ದಾರೆ. ಒಂದೇ ಒಂದು ಸಲ, ಬಟ್ಟಲಿನಲ್ಲಿ ಆ ಕುಂಬಾರರು ಬರೆದಂಥ ಒಂದು ಮೊಲ ಹೊಳೆಯಬೇಕಂತೆ.

ನಾನು ಮಾತಾಡುವುದಿಲ್ಲ ಎಂದು ಅವರು ಬೇಗ ಕಂಡುಕೊಂಡರು. ಮಾತಾಡದವಳ ಮುಂದೆ ಎಲ್ಲರೂ ಭಾಷಣಕಾರರೇ.

“ಚೀನಾದಿಂದ ಹಡಗಲ್ಲಿ ಬಿಳೀ ಪಿಂಗಾಣಿ ಬರ್ತಿತ್ತು ನೋಡು. ಎಲ್ಲರಿಗೂ ಅದೇ ಬೇಕು. ಬಸ್ರಾದಲ್ಲಿ ಅಂಥ ಮಣ್ಣಿಲ್ಲ, ಅಲ್ಲಿದು ಹಳದಿ ಮಣ್ಣು. ಎಂಥ ಮಾಡಿದ್ರು? ಗಾಜಿನ ಗ್ಲೇಜಿಗೆ ತವರ ಸೇರಿಸಿ ಮೇಲೊಂದು ಬಿಳೀ ಹೊದಿಕೆ ಕೊಟ್ರು. ಒಳಗೆ ಹಳದಿ, ಹೊರಗೆ ಚೀನಾ.”

ರೋಜಾ ಅತ್ತಿಗೆ ಮುಖಕ್ಕೆ ಪೌಡರ್ ಬಳಿದುಕೊಳ್ಳುವುದೂ ಇದೇ ವಿದ್ಯೆ. ಅವಳನ್ನೂ ಯಾರಾದರೂ ಮ್ಯೂಸಿಯಮ್ಮಿನಲ್ಲಿಡಬೇಕು.

ಬಿಳಿ ಬಟ್ಟಲಿನ ಮೇಲೆ ಬೆಳ್ಳಿ ಮತ್ತು ತಾಮ್ರದ ಪುಡಿಯನ್ನು ಕೆಮ್ಮಣ್ಣಿನಲ್ಲಿ ಕಲಸಿ ಚಿತ್ರ ಬರೆಯುವುದು. ಮತ್ತೆ ಆವಿಗೆಗೆ ಇಡುವುದು. ಸಣ್ಣ ಬೆಂಕಿ, ದೊಡ್ಡ ಹೊಗೆ. ಚಿಮಣಿ ಮುಚ್ಚಿ ಉಸಿರು ಕಟ್ಟಿಸುವುದು. ಹೊಗೆ ಬೆಳ್ಳಿಯನ್ನು ಗಾಜಿನೊಳಗೆ ಇಳಿಸುತ್ತದಂತೆ. ಹೊರಬಂದಾಗ ಎಲ್ಲ ಕರ್ರಗೆ ಇರುತ್ತದೆ. ಒದ್ದೆ ಮಣ್ಣಿನಿಂದ ಉಜ್ಜಿದರೆ ಕೆಳಗೆ ಹೊನ್ನು.

“ಕೆಮ್ಮಣ್ಣು ಬರೀ ಹೊರೆ ಹೊರೋ ಕತ್ತೆ,” ಎಂದರು. “ಕೆಲಸ ಆದ್ಮೇಲೆ ಅದನ್ನ ಒರೆಸಿ ಬಿಸಾಡೋದೇ.”

ಕತ್ತೆಯ ಗತಿ ಎಲ್ಲ ಕಡೆ ಒಂದೇ.

ನವೆಂಬರ್ 27, ಬುಧವಾರ

ಇವತ್ತು ಆವಿಗೆ ತೆರೆದರು. ಬಟ್ಟಲುಗಳು ದೋಸೆ ಕಾವಲಿಯ ಹಾಗಿದ್ದವು. ನನಗೂ ಒಂದು ಬಟ್ಟೆ ಕೊಟ್ಟು ಉಜ್ಜು ಎಂದರು. ಉಜ್ಜಿದೆ. ಮಸಿ ಹೋಯಿತು, ಕೆಮ್ಮಣ್ಣು ಹೋಯಿತು, ಮೊಲವೂ ಹೋಯಿತು. ಬೆಳ್ಳಗಿನ ಬಟ್ಟಲು ಉಳಿಯಿತು. ಶಿರಾಳಕೊಪ್ಪದ ಸಂತೆಯಲ್ಲಿ ಇಂಥವು ರಾಶಿ ಬಿದ್ದಿರುತ್ತವೆ.

ಸರ್ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, “ಹೊಗೆ ಸಾಲಲಿಲ್ಲ” ಎಂದರು. ಆಮೇಲೆ ಆವಿಗೆಯ ಇಟ್ಟಿಗೆಯ ಮೇಲೆ ಕೈಯಿಟ್ಟು ಅದಕ್ಕೂ ಹಾಗೇ ಹೇಳಿದರು.

ಡಿಸೆಂಬರ್ 2, ಸೋಮವಾರ

ನಿನ್ನೆ ಅಮಾವಾಸ್ಯೆ. ತಾಳಗುಂದಕ್ಕೆ ಹೋಗಿದ್ದೆ.

ಅವ್ವ ಹಿತ್ತಲಲ್ಲೇ ನನ್ನನ್ನು ತಡೆದಳು. ಕಾಲಿಗೆ ಧೂಳು ಹಚ್ಚಿದಳು, ತಲೆಗೆ ಒಣಹುಲ್ಲಿನ ಎರಡು ಕಡ್ಡಿ ಸಿಕ್ಕಿಸಿದಳು, ಅಪ್ಪನ ಹಳೇ ಕಂಬಳಿಯನ್ನು ಹೆಗಲ ಮೇಲೆ ಹಾಕಿದಳು. “ಕುರಿ ವಾಸನಿ ಬರ್ಲಿ ಬಿಡವ್ವ” ಎಂದಳು. ಮದುವೆಯಲ್ಲಿ ರೋಜಾಳನ್ನು ಸಿಂಗರಿಸಲು ಸೊರಬದಿಂದ ಹೆಂಗಸು ಬಂದಿದ್ದಳು. ನನ್ನ ಸಿಂಗಾರ ಮನೆಯಲ್ಲೇ ಮುಗಿಯಿತು.

ಅಪ್ಪ ಮಂಚದ ಮೇಲೆ ಎಡಗಡೆಗೆ ವಾಲಿಕೊಂಡು ಕೂತಿತ್ತು. ಎಡಗಣ್ಣು ಮೊದಲೇ ಪೊರೆ ಬಂದದ್ದು, ಈಗ ಬಲಗಣ್ಣೂ ಜೋಲುತ್ತದೆ. ಮಾತು ಅಂಬಲಿಯಂತೆ ಕಲಸಿ ಬರುತ್ತದೆ, ಆದರೆ ತಿಳಿಯುತ್ತದೆ.

“ಕುರಿ ಹೆಂಗದಾವು?”

ತಲೆ ಆಡಿಸಿದೆ.

“ಕರಿಯವ್ವ?” ಕರಿಯವ್ವ ಎಂದರೆ ಮಂದೆಯ ಮುಂದಾಳು ಕುರಿ. ಮೈಯೆಲ್ಲ ಕಪ್ಪು, ಹಣೆಯಲ್ಲಿ ಬಿಳಿ.

ಮತ್ತೆ ತಲೆ ಆಡಿಸಿದೆ.

“ಮೋಡ ಆಗೈತಿ. ಮಳಿ ಬಿದ್ರ ಗುರುತು ಅಳಿಸ್ತಾವು. ಮತ್ತ ಹಾಕು. ಚುಕ್ಕಿ ಗೀಟಿಗೆ ತಾಗಿಸಬ್ಯಾಡ. ನಿಂದು ಯಾವಾಗ್ಲೂ ತಾಗ್ತೈತಿ.”

ನಮ್ಮ ಗುರುತು ಕೆಮ್ಮಣ್ಣಿನದು. ಕುರಿಯ ಎಡತೊಡೆಯ ಮೇಲೆ ಎರಡು ಗೀಟು, ನಡುವೆ ಚುಕ್ಕಿ. ಬೇರೆ ಮಂದೆಯ ಜೊತೆ ಕೆರೆಯಲ್ಲಿ ಕಲಸಿಹೋದರೆ ಬೇರ್ಪಡಿಸಲು ಅದೇ ಆಧಾರ. ಚುಕ್ಕಿ ಗೀಟಿಗೆ ತಾಗಿ ಹರಡಿದರೆ ದೂರದಿಂದ ಮೂರು ಗೀಟಿನಂತೆ ಕಾಣುತ್ತದೆ. ಮೂರು ಗೀಟು ಆನಂದಪ್ಪನ ಮಂದೆಯ ಗುರುತು. ಅಣ್ಣ ಕುರಿ ಮಾರಿದ್ದು ಆ ಆನಂದಪ್ಪನಿಗೇ. ಕೊಂಡ ದಿನ ಆತ ನಮ್ಮ ಚುಕ್ಕಿಯ ಮೇಲೆ ಒಂದು ಗೀಟು ಎಳೆದ. ಒಂದೇ ಗೀಟು. ಕುರಿ ಅವನವಾದವು. ದಾವಣಗೆರೆ ಕಡೆ ಹೊಡೆದುಕೊಂಡು ಹೋದ.

ಹೊರಡುವಾಗ ಅಪ್ಪ ಹೇಳಿತು: “ನೀ ಇದೀ ಅಂತ ನಂಗ ಚಿಂತಿ ಇಲ್ಲ.”

ಇಷ್ಟು ವರ್ಷದಲ್ಲಿ ಈ ಮಾತು ಕೇಳಿರಲಿಲ್ಲ. ಸುಳ್ಳು ಮಂದೆ ಕಾಯ್ದದ್ದಕ್ಕೆ ಸಿಕ್ಕಿತು.

ಡಿಸೆಂಬರ್ 5, ಗುರುವಾರ

ಗುಡಿಸಿದೆ. ಒರೆಸಿದೆ. ಬರೆಯುವಂಥದ್ದು ಏನೂ ಇಲ್ಲ. ಸರ್ ಬೆಳಗಿನಿಂದ ಮೊಲ ಬರೆಯುತ್ತಿದ್ದಾರೆ, ಅದು ಕತ್ತೆಯಾಗುತ್ತಿದೆ.

ಡಿಸೆಂಬರ್ 14, ಶನಿವಾರ

ಮೊಲಕ್ಕೆ ಅಷ್ಟು ಉದ್ದ ಕಿವಿ ಎಲ್ಲಿದೆ ಎಂದು ಮನಸ್ಸಿನಲ್ಲೇ ಕೇಳಿಕೊಂಡೆ. ಕೇಳಿಸಿತೇನೋ ಎಂಬಂತೆ ಸರ್ ಬಸ್ರಾದ ಬಟ್ಟಲಿನ ಫೋಟೋ ತೋರಿಸಿದರು. ಅದರಲ್ಲೂ ಮೊಲಕ್ಕೆ ಹಾಗೇ ಕಿವಿ, ಬಾಯಲ್ಲಿ ಒಂದು ಎಲೆ. ಆ ಊರಿನಲ್ಲಿ ಮೊಲ ಇರಲಿಲ್ಲವೇನೋ. ಮೈಯ ಸುತ್ತ ಸ್ವಲ್ಪ ಬಿಳಿ ಜಾಗ ಬಿಟ್ಟು, ಆಚೆಗೆ ಖಾಲಿ ಕಾಣಬಾರದೆಂದು ಎಲ್ಲ ಚುಕ್ಕಿ ತುಂಬಿದ್ದಾರೆ. ಚುಕ್ಕಿ ಒಂದಕ್ಕೊಂದು ತಾಗಿಲ್ಲ. ಅಪ್ಪನಿಗೆ ಹಿಡಿಸುತ್ತಿತ್ತು.

ಇನ್ನೊಂದು ಫೋಟೋ ಬಟ್ಟಲಿನ ಹಿಂಭಾಗದ್ದು. ಅಲ್ಲಿ ಮೊಲ ಇಲ್ಲ, ಹಕ್ಕಿ ಇಲ್ಲ. ದೊಡ್ಡ ಸುತ್ತುಗಳು, ಒಳಗೆ ಬಿರುಸಾಗಿ ಎಳೆದ ಗೀಟು, ಚುಕ್ಕಿ.

“ನೆಲಕ್ಕೆ ತಾಗೋ ಭಾಗಕ್ಕೆ ಯಾಕೆ ಬರೆದ್ರೋ, ಅದರ ಅರ್ಥ ಎಂಥದೋ, ಖಚಿತವಾಗಿ ಯಾರಿಗೂ ಗೊತ್ತಿಲ್ಲ ಮಾರಾಯ್ತಿ,” ಎಂದರು.

ಗೊತ್ತಿಲ್ಲ ಎಂದು ಹೇಳಲು ಅಷ್ಟೆಲ್ಲ ಓದಬೇಕಿತ್ತೇ. ನಾನು ಐದನೇ ಕ್ಲಾಸಿಗೇ ಹೇಳಬಲ್ಲೆ.

ಆ ಫೋಟೋವನ್ನು ಬಹಳ ಹೊತ್ತು ನೋಡಿದೆ. ಕಸ ಹೆಚ್ಚಿರಲಿಲ್ಲ, ಅದಕ್ಕೆ.

ಡಿಸೆಂಬರ್ 23, ಸೋಮವಾರ

ನಾನು ಬಂದ ಮೇಲೆ ಎರಡನೇ ಹೊಗೆ. ಈ ಸಲ ಒಣ ಪುರಲೆ ಕಡ್ಡಿ ನಾನೇ ಕಂತೆ ಕಟ್ಟಿಕೊಟ್ಟೆ. ಉಣ್ಣಿ ಕಚ್ಚಿ ಮಂಗನ ಕಾಯಿಲೆ ಬರುವ ಕಾಲ, ಕ್ಯಾಸನೂರು ಕಡೆಯ ಕಾಡಂಚಿಗೆ ಹೋಗಬೇಡ ಎಂದು ಸರ್ ಹೇಳಿದ್ದರು, ಗದ್ದೆಯ ಬೇಲಿಯದ್ದೇ ತಂದೆ. ಹಸಿ ಕಡ್ಡಿ ಒಂದೂ ಇರಬಾರದೆಂದು ಮುರಿದು ಮುರಿದು ನೋಡಿದೆ. ಇದನ್ನು ಯಾರೂ ಹೇಳಿರಲಿಲ್ಲ, ಆದರೆ ಮತ್ತೆ ನನ್ನ ಕಡ್ಡಿಯ ಮೇಲೆ ತಪ್ಪು ಬರಬಾರದಲ್ಲ.

ತೆರೆದಾಗ ಉಜ್ಜಿದರೂ ಹೋಗದ ಕಂದು. ಕುರಿ ಕೊಯ್ದಾಗ ಕಾಣುವ ಈಲಿಯ ಬಣ್ಣ. ಕಾವು ಹೆಚ್ಚಾಯಿತಂತೆ, ಮೇಲೆ ಬೂದಿಯೂ ಬಿತ್ತಂತೆ. ಸರ್ ಮೆಟ್ಟಿಲ ಮೇಲೆ ಕೂತು ಈಲಿ ಬಣ್ಣದ ಮೊಲವನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದವರೆಗೂ ಏಳಲಿಲ್ಲ. ಚಹಾ ಆರಿತು. ಬೇರೆ ಕಾಯಿಸಿ ಕೊಟ್ಟೆ. ಅದೂ ಆರಿತು.

ದೊಡ್ಡಮ್ಮ ಸಂಜೆ ಕೇಳಿದಳು: “ಆ ಮನುಷ್ಯಂಗೆ ತಲೆ ಸರಿ ಉಂಟೇನೇ? ಹೊಗೆಯಿಂದ ಬಂಗಾರ ಬರೋದಾದ್ರೆ ನನ್ನ ಅಡಿಗೆಮನೆ ಇಷ್ಟೊತ್ತಿಗೆ ಅರಮನೆ ಆಗ್ಬೇಕಿತ್ತು.”

ಮಾತು ಸರಿಯಾಗಿತ್ತು. ನನಗೆ ಯಾಕೋ ನಗು ಬರಲಿಲ್ಲ.

ಡಿಸೆಂಬರ್ 31, ಮಂಗಳವಾರ

ನಿನ್ನೆ ಮತ್ತೆ ಅಮಾವಾಸ್ಯೆ, ಮತ್ತೆ ಧೂಳು, ಮತ್ತೆ ಕಂಬಳಿ.

ಈ ಸಲ ತಲೆ ಆಡಿಸಿದರೆ ಅಪ್ಪ ಬಿಡಲಿಲ್ಲ. “ಬಾಯಿ ಬಿಟ್ಟು ಹೇಳು. ಮರಿ ಹಾಕ್ಯಾವೇನು?”

ಹಾಕ್ಯಾವು ಎಂದೆ. ಎಷ್ಟು? ಶೆಡ್ಡಿನ ಹಲಗೆಯ ಮೇಲೆ ಒಣಗಲು ಇಟ್ಟ ಬಟ್ಟಲುಗಳು ಕಣ್ಣಿಗೆ ಬಂದವು. ಅಷ್ಟೇ ಹೇಳಿದೆ. ಬಣ್ಣ? ಎಲ್ಲ ಬಿಳಿ. ಆರೋಗ್ಯ? ಒಂದರ ಅಂಚು ಸೀಳಿತ್ತು, ಅದಕ್ಕೆ ಒಂದು ಮರಿಯ ಕಿವಿ ಹರಿದಿದೆ ಎಂದೆ. “ಬೇವಿನೆಣ್ಣಿ ಹಚ್ಚು” ಎಂದಿತು ಅಪ್ಪ. ಹಚ್ಚೀನಿ ಎಂದೆ. ಸುಳ್ಳು ಕಾಲುವೆ ನೀರಿನಂತೆ ಬಂತು. ಹುಟ್ಟಿದಾಗಿನಿಂದ ಅಪ್ಪನ ಜೊತೆ ಅಷ್ಟು ಮಾತಾಡಿರಲಿಲ್ಲ. ಅಪ್ಪನ ಮುಖದ ನೆಟ್ಟಗಿರುವ ಅರ್ಧ ನಗುತ್ತಿತ್ತು.

ಆಮೇಲೆ ಹೇಳಿತು: “ಮುಂದಿನ ಅಮಾಸಿಗೆ ಕರಿಯವ್ವನ್ನ ಹೊಡಕಂಡು ಬಾ. ಒಮ್ಮಿ ಮುಟ್ಟಿ ನೋಡ್ತೀನಿ.”

ಹೊರಗೆ ಬಂದು ಅಣ್ಣನಿಗೆ ಹೇಳಿದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಣ್ಣ ಶುಂಠಿಗೆ ಜಾಗ ಅಳೆಯುತ್ತಿದ್ದವನು ಹಗ್ಗ ಕೆಳಗಿಡದೆ ಹೇಳಿದ: “ಯಾವ್ದಾರ ಕರಿ ಕುರಿ ಒಂದಿನದ ಮಟ್ಟಿಗೆ ತಂದ್ರಾತು. ನೀ ಗುರುತು ಹಾಕು. ಅಪ್ಪಗ ಕಣ್ಣು ಎಲ್ಲೈತಿ?”

“ಬಾಡಿಗಿ ಕುರಿ?” ಎಂದಳು ಅವ್ವ.

“ಶಾಮಿಯಾನ ಬಾಡಿಗಿ ತರಲ್ಲೇನು? ಹಂಗ.” ನನ್ನ ಕಡೆ ತಿರುಗಿದ. “ಬಾಯಿ ಬಿಟ್ಟೀಯ ಮತ್ತ. ಇನ್ನೊಂದು ಸಲ ಹೊಡದು ಅಪ್ಪ ಹೋದ್ರ ನಿನ್ನ ತಲಿ ಮ್ಯಾಲ.”

ಬಾಯಿ ಬಿಡುತ್ತೇನೆ ಎಂದು ನನ್ನ ಬಗ್ಗೆ ಯಾರಾದರೂ ಹೆದರಿದ್ದು ಇದೇ ಮೊದಲು. ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ.

ಜನವರಿ 9, ಗುರುವಾರ

ರೋಜಾ ಅತ್ತಿಗೆಯ ಫೋನು, ದೊಡ್ಡಮ್ಮನ ಮೊಬೈಲಿಗೆ. ಕರಿ ಕುರಿ ಸಿಕ್ಕಿದೆ, ಶಿರಾಳಕೊಪ್ಪದ ಕಡೆಯದು, ಹಣೆಯಲ್ಲಿ ಬಿಳಿ ಇಲ್ಲವಂತೆ. “ಸುಣ್ಣ ಹಚ್ಚಿದ್ರಾತು” ಎಂದಳು. ಪೌಡರ್ ಬಲ್ಲವಳು.

ಜನವರಿ 17, ಶುಕ್ರವಾರ

ಮೂರನೇ ಹೊಗೆಗೆ ತುಂಬುತ್ತಿದ್ದೇವೆ. ಸರ್ ಮೊಲಗಳನ್ನು ಬರೆದು ಮುಗಿಸಿದರು. ಹೋದ ಸಲ ಬೂದಿ ಬಿದ್ದು ಮೊಲ ಕೆಟ್ಟಿತೆಂದು ಈ ಸಲ ಬಟ್ಟಲುಗಳನ್ನು ಕವುಚಿ ಇಡುತ್ತಾರಂತೆ. “ಹೊಸಾ ಗ್ಲೇಜಿನ ಬಟ್ಟಲು ಬೇರೆ, ಹಳೇದು ಬೇರೆ. ಕಲಸ್ಬೇಡ” ಎಂದು ಹೇಳಿ ಊಟಕ್ಕೆ ಹೋದರು.

ನೋಡಲು ಎರಡೂ ಒಂದೇ ಥರ. ಕಲಸಿಹೋದರೆ ಬೇರ್ಪಡಿಸುವುದು ಹೇಗೆ? ಸರ್ ಮೊಲ ಬರೆಯಲು ಕಲಸಿದ ಕೆಮ್ಮಣ್ಣು ತಟ್ಟೆಯ ತಳದಲ್ಲಿ ಉಳಿದಿತ್ತು. ಒರೆಸಿ ಬಿಸಾಡುವ ಕತ್ತೆ ತಾನೇ. ಹೊಸ ಬಟ್ಟಲುಗಳ ಹಿಂಭಾಗಕ್ಕೆ ಬೆರಳಲ್ಲೇ ಎರಡು ಗೀಟು, ಒಂದು ಚುಕ್ಕಿ ಹಾಕುತ್ತಾ ಹೋದೆ. ಕೈ ತಾನಾಗಿ ಹೋಯಿತು. ದಸರಾದ ನಂತರ ಗುರುತು ಹಾಕಿರಲಿಲ್ಲ. ಉಜ್ಜುವಾಗ ಹೇಗೂ ಹೋಗುತ್ತದೆ.

ಜನವರಿ 22, ಬುಧವಾರ

ಹೋಗಲಿಲ್ಲ.

ಬೆಳಿಗ್ಗೆ ತೆರೆದೆವು. ಸರ್ ಒಳಗಿನ ಮೊಲವನ್ನು ಉಜ್ಜಿದರು. ಮೊದಲ ಸಲದ ಹಾಗೇ ಮಸಿ ಹೋಗಿ ಮೊಲವೂ ಹೋಯಿತು. ಇನ್ನೊಂದನ್ನು ಉಜ್ಜಿದರು, ಅದೂ ಬಿಳಿ. ಕವುಚಿಟ್ಟ ಬಟ್ಟಲೊಳಗೆ ಹೊಗೆ ಹೋಗಿರಲಿಲ್ಲ. ಬೂದಿಯಿಂದ ಕಾಪಾಡಲು ಹೋಗಿ ಹೊಗೆಯಿಂದಲೂ ಕಾಪಾಡಿದ್ದರು. ಬಟ್ಟೆ ಕೆಳಗಿಟ್ಟು ಕೈ ತೊಳೆಯಲು ಎದ್ದರು. ನಾನು ಸುಮ್ಮನಿರಲಾರದೆ ನನ್ನ ಕೈಯಲ್ಲಿದ್ದ ಬಟ್ಟಲಿನ ಹಿಂಭಾಗ ಉಜ್ಜಿದೆ. ನನ್ನ ಗುರುತು ಅವರ ಕಣ್ಣಿಗೆ ಬೀಳುವ ಮೊದಲು ಅಳಿಸಿಬಿಡೋಣ ಎಂದು.

ಉಜ್ಜಿದಷ್ಟೂ ಬಂತು. ಮೊದಲು ಜೇನಿನ ಬಣ್ಣ, ಬಾಗಿಸಿದರೆ ಹಸಿರು, ಕಿಟಕಿಗೆ ಹಿಡಿದರೆ ಹೊಸ ಹಿತ್ತಾಳೆಯಂತೆ ಉರಿಯುವ ಹೊನ್ನು. ಎರಡು ಗೀಟು, ಒಂದು ಚುಕ್ಕಿ. ಅಡಗಿಸಲು ಜಾಗ ಇರಲಿಲ್ಲ.

ಸರ್ ಒದ್ದೆ ಕೈಯಲ್ಲೇ ಬಂದು ಕಸಿದುಕೊಂಡರು. ಕಿಟಕಿಯ ಹತ್ತಿರ ಹೋದರು, ಬಾಗಿಲ ಹತ್ತಿರ ಹೋದರು, ಅಂಗಳಕ್ಕೆ ಹೋದರು. ವಾಪಸು ಬಂದಾಗ ಕನ್ನಡಕ ಹಣೆಯ ಮೇಲಿತ್ತು.

“ಯಾರು ಹಾಕಿದ್ದು?”

ನಾನೇ ಎಂದು ಬೆರಳಿನಿಂದ ನನ್ನನ್ನೇ ತೋರಿಸಿಕೊಂಡೆ.

“ಎಂಥದಿದು?”

“ಕುರಿ ಗುರುತು ರೀ,” ಎಂದೆ. ಅದು ಸಾಲದು ಎನ್ನಿಸಿತು. “ನಮ್ಮಪ್ಪಂದು. ಕುರಿ ತೊಡಿ ಮ್ಯಾಲ ಹಾಕೋದು. ಬಟ್ಟಲಾ ಕಲಸ್ಬಾರ್ದು ಅಂತ ಹಾಕಿದೆ. ಒರೆಸಿದ್ರ ಹೋಗ್ತೈತಿ ಅಂತ ನೀವೇ ಹೇಳಿದ್ರಿ.”

ಸರ್ ಬಾಯಿ ತೆರೆದು ಹಾಗೇ ನಿಂತರು. ನಾನು ಮಾತಾಡಿದ್ದಕ್ಕೋ, ಹೇಳಿದ್ದಕ್ಕೋ ಗೊತ್ತಿಲ್ಲ.

“ಆರು ವರ್ಷ ಮೊಲ ಬರೆದೆ,” ಎಂದರು ಕೊನೆಗೆ. “ಹೊಳೆದದ್ದು ಕುರಿ ತೊಡೆ.” ಮೆಟ್ಟಿಲ ಮೇಲೆ ಕೂತು ನಗಲು ಶುರು ಮಾಡಿದರು. ನಗು ನಿಲ್ಲದೆ ಕಣ್ಣೊರೆಸಿಕೊಂಡರು. ಮನುಷ್ಯ ಇಷ್ಟು ಬೇಗ ಸೋಲು ಒಪ್ಪಿಕೊಳ್ಳುತ್ತಾನೆಂದು ಎಣಿಸಿರಲಿಲ್ಲ. ನಮ್ಮ ಮನೆಯಲ್ಲಿ ಆ ರೂಢಿ ಇಲ್ಲ.

ಜನವರಿ 23, ಗುರುವಾರ

ಸರ್ ಉಳಿದ ಬಟ್ಟಲುಗಳನ್ನು ಹಲಗೆಯ ಮೇಲೆ ಕವುಚಿಟ್ಟಿದ್ದಾರೆ. ಒಂದನ್ನು ಕಾಗದದಲ್ಲಿ ಸುತ್ತಿ ನನಗೆ ಕೊಟ್ಟರು. “ಇದರಲ್ಲಿ ಉಣ್ಣಬೇಡ, ಗ್ಲೇಜಲ್ಲಿ ಸೀಸ ಉಂಟು. ಇಟ್ಕೋ.” ಆಮೇಲೆ, “ಇನ್ನು ಬಟ್ಟಲು ಕವುಚೋದಿಲ್ಲ. ಒಳಗೆ ನನ್ನ ಮೊಲ, ಹಿಂಭಾಗ ನಿಂದು,” ಎಂದರು.

ಗುಡಿಸುವುದು ಯಾರು ಎಂದು ಕೇಳಿದೆ. ಇಬ್ಬರೂ ಎಂದರು. ನೋಡೋಣ, ಆ ಕನ್ನಡಕ ಇಟ್ಟುಕೊಂಡು ಎಷ್ಟು ಕಸ ಕಾಣುತ್ತದೋ.

ಬಟ್ಟಲನ್ನು ಸರಿಯಾಗಿ ನೋಡಿದೆ. ಚುಕ್ಕಿ ಗೀಟಿಗೆ ತಾಗಿದೆ.

ಜನವರಿ 30, ಗುರುವಾರ

ನಿನ್ನೆಯದನ್ನು ಸಾಲಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನಾನೇ ನಂಬುವುದಿಲ್ಲ.

ಬಟ್ಟಲನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಯಾಕೆಂದು ಯೋಚಿಸಿರಲಿಲ್ಲ. ಹಿತ್ತಲಲ್ಲಿ ಕರಿ ಕುರಿ ಕಟ್ಟಿತ್ತು. ಹಣೆಗೆ ಸುಣ್ಣ. ಸುಣ್ಣ ಒಣಗಿ ಬಿರಿದು, ಕುರಿ ವಿಭೂತಿ ಹಚ್ಚಿಕೊಂಡು ಎಲ್ಲಿಗೋ ಹೊರಟಂತಿತ್ತು. ಅಣ್ಣ ತೆಂಗಿನ ಚಿಪ್ಪಿನಲ್ಲಿ ಕೆಮ್ಮಣ್ಣು ಕಲಸಿ ಇಟ್ಟಿದ್ದ.

“ಹಾಕು, ಲಗೂನ. ಸಂಜಿಗೆ ವಾಪಸು ಬಿಡ್ಬೇಕು.”

ಬೆರಳು ಅದ್ದಿದೆ. ಕುರಿ ನನ್ನ ಕಡೆ ತಿರುಗಿ ನೋಡಿತು. ಪಾಪದ ಪ್ರಾಣಿ, ಯಾರದೋ ಮಂದೆಯದು, ಅದಕ್ಕೂ ಒಬ್ಬ ಯಜಮಾನ ಇದ್ದಾನೆ. ಅದರ ತೊಡೆಯ ಮೇಲೆ ಅವನ ಗುರುತನ್ನು ನೀರು ಹಾಕಿ ತೊಳೆದಿದ್ದರು, ಒದ್ದೆ ಇನ್ನೂ ಆರಿರಲಿಲ್ಲ. ನಾನು ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದೆ. ಹಿಂದಿನಿಂದ ಅಣ್ಣ “ಏ, ಏ” ಎಂದ. ಹೆಸರು ಹಿಡಿದು ಕರೆದಿದ್ದರೆ ನಿಲ್ಲುತ್ತಿದ್ದೆನೋ ಏನೋ.

ಕಾಲಿಗೆ ಧೂಳಿಲ್ಲದೆ, ಕಂಬಳಿಯಿಲ್ಲದೆ ಅಪ್ಪನ ಮುಂದೆ ನಿಂತೆ.

“ಚೀಲ್ದಾಗ ಏನೈತಿ?”

ಬಟ್ಟಲು ಕೊಟ್ಟೆ. ಎಡಗೈಯಲ್ಲಿ ಹಿಡಿದು ತಿರುಗಿಸಿತು. ಬಾಗಿಲ ಬೆಳಕು ಅದರ ಮೇಲೆ ಬಿತ್ತು. ಅಪ್ಪ ಮುಖದ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿತು.

“ಮೂರು ಗೀಟು. ಆನಂದಪ್ಪಂದಾ ಇದು?”

“ಅಲ್ಲಪ್ಪಾ, ನಮ್ದು,” ಎಂದೆ. “ಚುಕ್ಕಿ ತಾಗೈತಿ. ಆನಂದಪ್ಪನ ಪಾಲಾಗಿದ್ದು ಕುರಿ. ಎಲ್ಲಾ ಕುರಿ ಆನಂದಪ್ಪಗ ಮಾರಿದ್ವಿ. ನೀ ಆಸ್ಪತ್ರ್ಯಾಗ ಇದ್ದಾಗ. ನಾ ಹಾನಗಲ್ಲಿಗೆ ಹೋಗಿಲ್ಲ. ಕುಪ್ಪಗಡ್ಡ್ಯಾಗ ಮಡಿಕಿ ಶೆಡ್ಡಿನಾಗ ಕೆಲಸ ಮಾಡ್ತೀನಿ.”

ಬಾಗಿಲಲ್ಲಿ ಅಣ್ಣ, ಅವನ ಹಿಂದೆ ರೋಜಾ, ಅವಳ ಹಿಂದೆ ಅವ್ವ.

“ಕರಿಯವ್ವ?” ಎಂದಿತು ಅಪ್ಪ.

“ಅದೂ.”

ಹಿತ್ತಲಲ್ಲಿ ಕುರಿ ಕೂಗಿತು.

“ಮತ್ತ ಅದು ಯಾರ್ದು?”

“ಬಾಡಿಗಿದು.”

ಅಪ್ಪ ಬಟ್ಟಲನ್ನು ಎದೆಯ ಮೇಲಿಟ್ಟುಕೊಂಡು ಗೋಡೆಯ ಕಡೆ ಮುಖ ತಿರುಗಿಸಿತು. ಅಣ್ಣ ನನ್ನನ್ನು ಅಂಗಳಕ್ಕೆ ಎಳೆದು ಏನೇನೋ ಅಂದ, ಬರೆಯುವುದಿಲ್ಲ. ಬಸ್ಸಿನಲ್ಲಿ ಕೈ ನೋಡಿಕೊಂಡೆ. ಕೆಮ್ಮಣ್ಣು ಉಗುರಿನ ಸಂದಿಯಲ್ಲಿ ಹಾಗೇ ಇತ್ತು.

ಜನವರಿ 31, ಶುಕ್ರವಾರ

ಫೋನಿಲ್ಲ.

ಫೆಬ್ರುವರಿ 2, ಭಾನುವಾರ

ಅಪ್ಪ ನೀರು ಬಿಟ್ಟು ಏನೂ ಮುಟ್ಟುತ್ತಿಲ್ಲವಂತೆ. ರೋಜಾ ಹೇಳಿದಳು, ಹೇಳಿ ಕಟ್ ಮಾಡಿದಳು. ಶೆಡ್ಡಿಗೆ ರಜೆ, ಆದರೂ ಹೋಗಿ ಎರಡು ಸಲ ಗುಡಿಸಿ ಬಂದೆ.

ಫೆಬ್ರುವರಿ 6, ಗುರುವಾರ

ಮಣ್ಣು ಜರಡಿ ಹಿಡಿಯುತ್ತಿದ್ದಾಗ ದೊಡ್ಡಮ್ಮ ಶೆಡ್ಡಿಗೇ ಮೊಬೈಲು ತಂದಳು. ಅವ್ವ.

ಮೊನ್ನೆ ಬೆಳಿಗ್ಗೆ ಅಪ್ಪ ಎದ್ದು ಕೂತು ಮುದ್ದೆ ಕೇಳಿತಂತೆ. ಉಂಡು, ಅಣ್ಣನನ್ನು ಕರೆಸಿ ಹೇಳಿತಂತೆ: “ಇಷ್ಟ್ ದಿನ ಇಲ್ಲದ ಕುರಿನ ನನ್ನ ಕೈಲಿ ಕಾಯಿಸಿದ್ಯಲ್ಲೋ. ಮಲಗಿದ್ರೂ ನಿದ್ದಿ ಇಲ್ಲ, ತೋಳ ಬಂತೇನೋ ಅಂತ.” ಅಣ್ಣ, ಕಾಯಾಕ ಯಾರಿದ್ರಪ್ಪಾ, ಅದಕ್ಕ ಮಾರಿದೆ ಅಂದನಂತೆ. ಅಪ್ಪ ಬಟ್ಟಲನ್ನು ಅವನ ಮುಖದ ಮುಂದೆ ಹಿಡಿದು, “ಇದನ್ನ ಹಾಕಿದಾಕಿ ಯಾರು?” ಎಂದಿತಂತೆ.

“ತಿಪ್ಪೇಶ ಏನಂದ?” ಎಂದು ಕೇಳಿದೆ.

“ಏನಂತಾನ? ಈ ಗದ್ದಲದಾಗ ಬಾಡಿಗಿ ಕುರಿ ಹಿತ್ತಲದಾಗ ಉಳಿದಿತ್ತು, ಅದನ್ನ ಬಿಟ್ಟು ಬರಾಕ ಹೋದ.” ಅವ್ವ ನಗುತ್ತಿದ್ದಳೋ ಅಳುತ್ತಿದ್ದಳೋ. “ಬಟ್ಟಲಾ ತಲಿದಿಂಬಿನ ಬಾಜು ಇಟ್ಕಂಡೈತಿ. ಬಂದೋರಿಗೆಲ್ಲಾ ತೋರಿಸಿ ಬೈತೈತಿ. ನೋಡ್ರಿ, ನನ್ನ ಮಗಳು ಇಷ್ಟ್ ವರ್ಷ ಆದ್ರೂ ಚುಕ್ಕಿ ತಾಗಿಸ್ತಾಳ, ಮುಂದಿನ ಸಲ ಸರೀಗ್ ಹಾಕಾಕ ಹೇಳ್ರಿ ಅಂತೈತಿ.”

ಕೈಯಲ್ಲಿ ಜರಡಿ ಓರೆಯಾಗಿ, ಹಿಡಿದ ಮಣ್ಣು ಹಿಡಿಯದ ಮಣ್ಣಿನ ಮೇಲೆ ಬಿತ್ತು. ಮತ್ತೆ ಮೊದಲಿಂದ ಜರಡಿ ಹಿಡಿಯಬೇಕಾಯಿತು. ಧೂಳಿಗೆ ಕಣ್ಣು ಉರಿದು ಸಂಜೆಯವರೆಗೂ ನೀರು ಬರುತ್ತಿತ್ತು. ಈ ಮಣ್ಣು ಕಣ್ಣಿಗೆ ಒಳ್ಳೆಯದಲ್ಲ.

ಫೆಬ್ರುವರಿ 10, ಸೋಮವಾರ

ನಾಲ್ಕನೇ ಹೊಗೆಗೆ ಶನಿವಾರವೇ ಬಣ್ಣ ಕಲಸಿಟ್ಟಿದ್ದೆವು. ಈ ಸಲವೂ ಮೊಲ ಹೊಳೆಯುತ್ತದೆಂದು ನನಗೇನೂ ನಂಬಿಕೆಯಿಲ್ಲ. ಕಿವಿ ಹಾಗೇ ಇದೆ.

ಇವತ್ತು ಬೆಳಿಗ್ಗೆ ಸರ್ ಬರುವ ಮೊದಲು ಒಂದು ಬಟ್ಟಲನ್ನು ಕವುಚಿ ಮಡಿಲಲ್ಲಿಟ್ಟುಕೊಂಡು ಎರಡು ಗೀಟು ಎಳೆದೆ. ಅವು ಒಣಗುವವರೆಗೆ ಕಾದೆ. ಆಮೇಲೆ ಬೆರಳು ಬಿಟ್ಟು, ಕಡ್ಡಿಯ ತುದಿಯಿಂದ ನಡುವೆ ಚುಕ್ಕಿ ಇಟ್ಟೆ. ತಾಗಲಿಲ್ಲ.